ನಾನೂರ ಹದಿನೇಳರ ಬಿಲ್ಲೆ

ಗುಜರಿಗೆ ಹೋಗುವ ಪ್ರತಿ ಬೋಗಿಗೂ ಒಂದು ಹಾಳೆ ಇತ್ತು. ಅದರಲ್ಲಿ ಹನ್ನೊಂದು ಸಾಲು: ಬ್ಯಾಟರಿ ಇಳಿಸಲಾಗಿದೆ, ಎಣ್ಣೆ ಬಸಿಯಲಾಗಿದೆ, ಗಾಳಿಯ ಟ್ಯಾಂಕುಗಳನ್ನು ಖಾಲಿ ಮಾಡಲಾಗಿದೆ, ಇತ್ಯಾದಿ. ಕೊನೆಯ ಸಾಲು ಬ್ರೇಕ್ ವಿಭಾಗದ್ದು. ‘ಈ ಬೋಗಿಯಿಂದ ತೆಗೆದಿಡಬೇಕಾದ ಭಾಗ ಯಾವುದೂ ಉಳಿದಿಲ್ಲ’ ಎಂಬ ವಾಕ್ಯ, ಅದರ ಮುಂದೆ ಫಿಟ್ಟರ್ ಸಹಿಗೆ ಜಾಗ. ಸಹಿ ಬಿದ್ದ ಮೇಲೆ ಬೋಗಿಯ ಮೈಮೇಲೆ ಹಳದಿ ಬಣ್ಣದ ಅಡ್ಡಗೆರೆ ಎಳೆಯುತ್ತಿದ್ದರು. ಸೋಮವಾರ ಕತ್ತರಿಸುವವರು ಬರುತ್ತಿದ್ದರು.

ನಾಲ್ಕು ತಿಂಗಳಲ್ಲಿ ಬ್ರೇಕ್ ಫಿಟ್ಟರ್ ಅರವತ್ತೆರಡು ಹಾಳೆಗಳಿಗೆ ಸಹಿ ಹಾಕಿದ್ದಳು. ಶೆಡ್ಡಿನಲ್ಲಿ ಹೆಚ್ಚಿನವರು ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಕೆಲವರು ಕೂಡ. ಅರವತ್ತಮೂರನೆಯ ಹಾಳೆ ಬುಧವಾರ ಬೆಳಿಗ್ಗೆ ಅವಳ ಮೇಜಿಗೆ ಬಂತು. ಬೋಗಿ ಸಂಖ್ಯೆ ನಾನೂರ ಹದಿನೇಳು. ಅವಳು ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡಳು. ಮಧ್ಯಾಹ್ನ ಫೋರ್‌ಮನ್ ಕೇಳಿದಾಗ ನೋಡುತ್ತಿದ್ದೇನೆ ಎಂದಳು. ಗುರುವಾರವೂ ಅದೇ ಉತ್ತರ ಕೊಟ್ಟಳು.

ಆ ಬೋಗಿಯ ಮೂತಿ ಒಳಕ್ಕೆ ಕುಸಿದಿತ್ತು. ಮೂರು ವರ್ಷದ ಹಿಂದೆ ಅದು ಹಾಗಾದಾಗ ಗಾಡಿ ಓಡಿಸುತ್ತಿದ್ದವನು ಅವಳ ತಮ್ಮ.

ಹಳೆಯ ಗಾಡಿಗಳಿಗೆ ನಲವತ್ತಮೂರು ವರ್ಷ ವಯಸ್ಸಾಗಿತ್ತು. ಬೂದು ಬಣ್ಣ, ಕೈಯಿಂದ ಎಳೆಯುವ ಭಾರದ ಬಾಗಿಲು, ಮಳೆ ಬಂದರೆ ಸೋರುವ ಕಿಟಕಿ. ಹೊರಡುವಾಗ ಮೋಟಾರು ಮೊದಲು ನರಳಿ, ಆಮೇಲೆ ಒಂದೊಂದೇ ಸ್ವರ ಏರುತ್ತಿತ್ತು. ಕಣ್ಣುಮುಚ್ಚಿ ಕೂತವರಿಗೂ ಆ ಸದ್ದಿನಿಂದಲೇ ಗಾಡಿ ಎಷ್ಟು ವೇಗಕ್ಕೆ ಬಂತು ಎಂದು ಗೊತ್ತಾಗುತ್ತಿತ್ತು. ಹೊಸ ಗಾಡಿಗಳು ಬಂದಂತೆಲ್ಲ ವಾರಕ್ಕೆ ನಾಲ್ಕು ಹಳೆಯ ಬೋಗಿಗಳನ್ನು ಹಳಿಯಿಂದ ತೆಗೆಯುವುದೆಂದು ತೀರ್ಮಾನವಾಗಿತ್ತು. ವಿಷಯ ಪತ್ರಿಕೆಯಲ್ಲಿ ಬಂದ ಮೇಲೆ ಜನ ಭಾನುವಾರಗಳಲ್ಲಿ ಕ್ಯಾಮೆರಾ ಹಿಡಿದುಕೊಂಡು ಬರತೊಡಗಿದರು. ಎಲ್ಲಿಗೂ ಹೋಗಬೇಕಾದ ಕೆಲಸವಿಲ್ಲದೆ ಟಿಕೆಟ್ ಕೊಂಡು ಒಂದು ಸುತ್ತು ಹೋಗಿ ಬರುತ್ತಿದ್ದರು. ಅವಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ, ಎಲ್ಲರ ಬಾಯಲ್ಲಿ ಗ್ರೀಸಪ್ಪ ಎಂದೇ ಹೆಸರಾದ ಸಹಾಯಕ ಫಿಟ್ಟರ್‌ಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಓಡುವಾಗ ದಿನಾ ಬೈದವರೇ ಈಗ ಕಣ್ಣೊರೆಸಿಕೊಳ್ಳಲು ಬಂದಿದ್ದಾರೆ ಎನ್ನುತ್ತಿದ್ದ.

ಈ ಗಾಡಿಗಳ ಬಗ್ಗೆ ಹೊರಗಿನವರಿಗೆ ಗೊತ್ತಿರದ ಒಂದು ಸಂಗತಿ ಶೆಡ್ಡಿನವರಿಗೆ ಗೊತ್ತಿತ್ತು. ಇವನ್ನು ತಯಾರಿಸಿದ ಕಾರ್ಖಾನೆ ಬಿಡಿಭಾಗ ಮಾಡುವುದನ್ನು ನಿಲ್ಲಿಸಿ ಹದಿನೈದು ವರ್ಷವಾಗಿತ್ತು. ಓಡುವ ಬೋಗಿಯಲ್ಲಿ ಏನಾದರೂ ಕೆಟ್ಟರೆ, ಕೆಟ್ಟು ನಿಂತ ಬೋಗಿಯಿಂದ ಬಿಚ್ಚಿ ತಂದು ಹಾಕಬೇಕಿತ್ತು. ಪ್ರತಿ ಬೋಗಿಯ ಕೆಳಗೆ ಒಂದು ಬ್ರೇಕ್ ವಾಲ್ವ್ ಇರುತ್ತದೆ. ಚಾಲಕ ಹಿಡಿಕೆ ಎಳೆದಾಗ ಗಾಳಿಯನ್ನು ಚಕ್ರದ ಕಡೆ ಬಿಡುವುದು ಅದರ ಕೆಲಸ. ಮುಂದಿನ ಬೋಗಿಯದು ತಡಮಾಡಿದರೆ ಹಿಂದಿನವೂ ತಡಮಾಡುತ್ತವೆ. ವಾಲ್ವಿಗೆ ತಂತಿಯಲ್ಲಿ ಒಂದು ತಗಡಿನ ಬಿಲ್ಲೆ ಕಟ್ಟಿರುತ್ತಾರೆ. ಬಿಲ್ಲೆಯ ಮೇಲೆ ವಾಲ್ವಿನ ಸಂಖ್ಯೆ, ಒಳಗಿನ ರಬ್ಬರ್ ಕೊನೆಯ ಸಲ ಬದಲಿಸಿದ ತಾರೀಖು. ಒಂದು ಬೋಗಿಯ ವಾಲ್ವ್ ಇನ್ನೊಂದಕ್ಕೆ ಹೋದರೆ ಎರಡೂ ಬೋಗಿಗಳ ಪುಸ್ತಕದಲ್ಲಿ ಬರೆಯಬೇಕು, ಹೊಸ ರಬ್ಬರ್ ಹಾಕಬೇಕು, ಒಂದಿಡೀ ದಿನ ಬೋಗಿಯನ್ನು ಪರೀಕ್ಷೆಗೆ ನಿಲ್ಲಿಸಬೇಕು. ಇದು ನಿಯಮ.

ಒಂದು ದಿನ ನಿಲ್ಲಿಸಲು ಬೋಗಿಗಳೇ ಇರಲಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಒಂದು ರೂಢಿ ಬೆಳೆದಿತ್ತು. ಕೆಟ್ಟ ವಾಲ್ವಿನ ಬಿಲ್ಲೆಯನ್ನು ಬಿಚ್ಚಿ, ತಂದ ವಾಲ್ವಿಗೆ ಕಟ್ಟುವುದು. ವಾಲ್ವ್ ಬದಲಾಯಿತು, ಬಿಲ್ಲೆ ಇದ್ದಲ್ಲೇ ಇತ್ತು, ಕಾಗದದಲ್ಲಿ ಏನೂ ನಡೆದಿರಲಿಲ್ಲ. ಹಿಡಿಕೆಯನ್ನು ಮೂರು ಸಲ ಎಳೆದು ನೋಡುತ್ತಿದ್ದರು. ಮೂರು ಸಲವೂ ಬ್ರೇಕ್ ಹಿಡಿದರೆ ಗಾಡಿ ಬೆಳಗಿನ ಐದೂವರೆಗೆ ಹೊರಡುತ್ತಿತ್ತು. ಗ್ರೀಸಪ್ಪ ಇದಕ್ಕೆ ದತ್ತು ತೆಗೆದುಕೊಳ್ಳುವುದು ಎಂದು ಹೆಸರಿಟ್ಟಿದ್ದ. ಇವತ್ತು ಎರಡು ದತ್ತು ಅಕ್ಕೋರೆ, ಎಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಗಾಡಿಯನ್ನು ಓಡುವಂತೆ ಇಡುವುದು ತಮ್ಮ ಜಾಣತನ ಎಂದುಕೊಂಡಿದ್ದರು, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅಪಘಾತ ನಡೆದದ್ದು ಚಳಿಗಾಲದ ಒಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಮೂರು ಬೋಗಿಯ ಗಾಡಿ ಕೊನೆಯ ನಿಲ್ದಾಣದಲ್ಲಿ ನಿಲ್ಲದೆ ಹಳಿಯ ತುದಿಯ ತಡೆಗೆ ಬಡಿಯಿತು. ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಕೂಡ ಇರಲಿಲ್ಲ. ಹದಿನಾಲ್ಕು ಜನರಿಗೆ ಗಾಯವಾಯಿತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನಲವತ್ತೊಂದು ವರ್ಷದ ಮಹಿಳೆಯೊಬ್ಬರು ಇಳಿಯಲೆಂದು ಎದ್ದು ಮೊದಲ ಬಾಗಿಲ ಬಳಿ ನಿಂತಿದ್ದರು. ಅವರ ತಲೆ ಬಾಗಿಲ ಕಂಬಕ್ಕೆ ಬಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೀರಿಕೊಂಡರು.

ಎಂದಿನಂತೆ ಪ್ಲಾಟ್‌ಫಾರಂಗೆ ಮೊದಲಿನ ಮೂರನೇ ಕಂಬದ ಹತ್ತಿರವೇ ಬ್ರೇಕ್ ಹಾಕಿದೆ, ಗಾಡಿ ಕೇಳಲಿಲ್ಲ, ಆಮೇಲೆ ಒಮ್ಮೆಲೇ ಹಿಡಿಯಿತು ಎಂದು ತಮ್ಮ ಹೇಳಿಕೆ ಕೊಟ್ಟ. ಬ್ರೇಕ್ ಹಾಕಿದ ಕ್ಷಣವನ್ನು ದಾಖಲಿಸುವ ಯಂತ್ರ ಹಳೆಯ ಗಾಡಿಗಳಲ್ಲಿ ಇರಲಿಲ್ಲ. ವಿಚಾರಣೆಯವರು ಮಧ್ಯಾಹ್ನದ ಬಿಸಿಲಲ್ಲಿ ಬೋಗಿಯನ್ನು ಪರೀಕ್ಷಿಸಿದರು. ಮೂರು ಸಲ ಎಳೆದರು, ಮೂರು ಸಲವೂ ಹಿಡಿಯಿತು. ವಾಲ್ವಿನ ರಬ್ಬರ್ ನಾಲ್ಕು ತಿಂಗಳ ಹಿಂದಷ್ಟೇ ಬದಲಾಗಿದೆ ಎಂದು ಪುಸ್ತಕ ಹೇಳಿತು, ಬಿಲ್ಲೆಯೂ ಅದನ್ನೇ ಹೇಳಿತು. ಆದ್ದರಿಂದ ಬಿಚ್ಚಿ ನೋಡುವ ಅಗತ್ಯವಿಲ್ಲವೆಂದು ವಾಲ್ವಿಗೆ ಸೀಸದ ಮುದ್ರೆ ಹಾಕಿ ಬಿಟ್ಟರು.

ಎರಡನೇ ದಿನ ತಮ್ಮ ಅಕ್ಕನ ಮನೆಗೆ ಬಂದಿದ್ದ. ಹಣೆಗೆ ಪಟ್ಟಿ ಕಟ್ಟಿತ್ತು. ಕೂರಲಿಲ್ಲ.

“ಅಕ್ಕ, ಒಂದೇ ಮಾತು ಕೇಳ್ತೀನಿ. ಬ್ರೇಕ್ ಸರಿ ಇತ್ತಾ?”

ಅವಳು ಪುಸ್ತಕ ನೋಡಿಕೊಂಡೇ ಬಂದಿದ್ದಳು. “ಸರಿ ಇತ್ತು ಕಣೋ. ನಾಲ್ಕು ತಿಂಗಳ ಹಿಂದೆ ತಾನೇ ರಬ್ಬರ್ ಹಾಕಿದೀವಿ.”

ಅವನು ತಲೆಯಾಡಿಸಿ ಹೊರಟುಹೋದ. ಮುಂದಿನ ವಿಚಾರಣೆಯಲ್ಲಿ, ತಡವಾಗಿ ಹಾಕಿರಬಹುದು, ನನಗೆ ಖಚಿತವಿಲ್ಲ ಎಂದು ತಾನೇ ಬರೆದುಕೊಟ್ಟ. ಅವನನ್ನು ಚಾಲಕನ ಕೆಲಸದಿಂದ ತೆಗೆದು, ಪ್ರಯಾಣಿಕರು ಮರೆತುಹೋದ ವಸ್ತುಗಳ ಕೌಂಟರ್‌ಗೆ ಹಾಕಿದರು. ಮೂರು ವರ್ಷದಿಂದ ಅಲ್ಲೇ ಇದ್ದ. ಆ ಹೆಂಗಸು ನನ್ನ ಕೈಯಿಂದ ಸತ್ತರು ಎಂದು ಒಮ್ಮೆ ಅಕ್ಕನ ಹತ್ತಿರ ಹೇಳಿದ್ದ. ಆಮೇಲೆ ಆ ಮಾತೆತ್ತಿರಲಿಲ್ಲ.

ನಾನೂರ ಹದಿನೇಳು ಇಷ್ಟು ದಿನ ಶೆಡ್ಡಿನ ಹಿಂದಿನ ಹಳಿಯಲ್ಲಿ ನಿಂತಿತ್ತು. ಸೀಟು, ಫ್ಯಾನು, ಗಾಜು, ಒಂದೊಂದೇ ಬೇರೆ ಬೋಗಿಗಳಿಗೆ ಹೋಗಿದ್ದವು. ಮುದ್ರೆ ಇದ್ದ ಕಾರಣ ವಾಲ್ವನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕ ಆ ಹಳಿಯ ಕಡೆ ಹೋಗುತ್ತಿರಲಿಲ್ಲ, ಅಲ್ಲಿಂದ ಏನಾದರೂ ಬೇಕಾದರೆ ಬೇರೆಯವರನ್ನು ಕಳಿಸುತ್ತಿದ್ದಳು. ತಮ್ಮನ ಬೋಗಿ, ನೋಡಲು ಸಂಕಟ ಎಂದು ಉಳಿದವರು ತಿಳಿದಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು.

ಶುಕ್ರವಾರ ಹತ್ತು ಗಂಟೆಗೆ ಅವಳು ತಂತಿ ಬ್ರಶ್ ಮತ್ತು ಟಾರ್ಚ್ ತೆಗೆದುಕೊಂಡು ಬೋಗಿಯ ಕೆಳಗೆ ಇಳಿದಳು. ಮುದ್ರೆ ಇದ್ದ ಹಾಗೇ ಇತ್ತು. ಬಿಲ್ಲೆಯೂ ಇತ್ತು. ಟಾರ್ಚಿನ ಬೆಳಕು ಬಿಲ್ಲೆಯ ಮೇಲೆ ಬಿದ್ದಾಗ ಅವಳು ಮೊದಲು ನೋಡಿದ್ದು ಸಂಖ್ಯೆಯನ್ನಲ್ಲ, ತಂತಿಯನ್ನು. ಪ್ರತಿಯೊಬ್ಬ ಫಿಟ್ಟರ್‌ಗೂ ತಂತಿ ಕಟ್ಟುವುದರಲ್ಲಿ ತನ್ನದೇ ಕೈಯಿರುತ್ತದೆ. ಅವಳು ಎಡಗೈ ಬಳಸುವವಳು, ಮೂರು ಸುತ್ತು ಎಡಕ್ಕೆ ತಿರುಚಿ ತುದಿಯನ್ನು ಒಳಕ್ಕೆ ಮಡಚುತ್ತಿದ್ದಳು. ಶೆಡ್ಡಿನಲ್ಲಿ ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

ವಾಲ್ವಿನ ನಿಜವಾದ ಸಂಖ್ಯೆ ಅದರ ಬುಡದಲ್ಲಿ ಲೋಹಕ್ಕೇ ಒತ್ತಿರುತ್ತದೆ. ಮುದ್ರೆ ಮುಟ್ಟದೆಯೇ ಅದನ್ನು ಓದಬಹುದು. ಮೂರು ವರ್ಷದಲ್ಲಿ ಯಾವ ದಿನ ಬೇಕಾದರೂ ಓದಬಹುದಿತ್ತು. ಅವಳು ಬಣ್ಣ ಮತ್ತು ಕೊಳೆಯನ್ನು ಬ್ರಶ್ಶಿನಿಂದ ಉಜ್ಜಿದಳು. ಐದು ಅಂಕಿಗಳು ಕಂಡವು. ಬಿಲ್ಲೆಯ ಮೇಲಿದ್ದ ಐದು ಅಂಕಿಗಳು ಅವಲ್ಲ.

ದಾಖಲೆ ಕೋಣೆಯಲ್ಲಿ ಆ ಸಂಖ್ಯೆಯನ್ನು ಹುಡುಕಲು ನಲವತ್ತು ನಿಮಿಷ ಹಿಡಿಯಿತು. ಅದು ನಾನೂರ ಮೂರನೇ ಬೋಗಿಯ ವಾಲ್ವ್. ಆ ಬೋಗಿ ಓಡಾಟ ನಿಲ್ಲಿಸಿ ವರ್ಷಗಳಾಗಿದ್ದವು. ಅಪಘಾತದ ದಿನಕ್ಕೆ ಲೆಕ್ಕ ಹಾಕಿದರೆ, ಅದರ ರಬ್ಬರ್ ಬದಲಿಸಿ ಹನ್ನೊಂದು ವರ್ಷವಾಗಿತ್ತು. ಹಳೆಯ ರಬ್ಬರ್ ಚಳಿಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ಇದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ.

ಬಿಲ್ಲೆಗಳನ್ನು ನಂಬಬಾರದೆಂದು ಗೊತ್ತಿದ್ದವರು ಆ ಊರಿನಲ್ಲಿ ಹೆಚ್ಚೆಂದರೆ ಇಪ್ಪತ್ತು ಜನ. ಅವರಲ್ಲಿ ಅವಳೊಬ್ಬಳು. ತಮ್ಮ ಬಂದು ಕೇಳಿದ ದಿನ ಅವಳು ಬಿಲ್ಲೆಯನ್ನೇ ನಂಬಿದ್ದಳು.

ಫೋರ್‌ಮನ್ ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿದರು. ಅವರು ಕೆಟ್ಟ ಮನುಷ್ಯರಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು, ಬಿಲ್ಲೆ ಬದಲಿಸುವುದನ್ನು ಕಲಿಸಿದವರೂ ಅವರೇ. ಸೋಮವಾರ ಬೋಗಿ ಹೋದರೆ ವಾಲ್ವೂ ಹೋಗುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸಂಖ್ಯೆ ತಾಳೆಯಾಗುತ್ತಿಲ್ಲ, ಪರಿಶೀಲಿಸಬೇಕು ಎಂದಷ್ಟೇ ಬರೆ, ತಮ್ಮನಿಗೆ ಅಷ್ಟು ಸಾಕು, ಹೇಗಾಯಿತು ಎಂಬುದು ಬೇಡ ಎಂದರು.

“ಆಮೇಲೆ ಯಾರ ತಲೆ ಮೇಲೆ ಗೂಬೆ ಕೂರಿಸ್ತಾರೆ ಸಾರ್? ವಾಲ್ವ್ ತಾನಾಗೇ ನಡ್ಕೊಂಡು ಬಂತು ಅಂತ ಬರೀತಾರಾ?”

“ನೋಡಮ್ಮ, ಇದು ನಿನ್ನೊಬ್ಬಳ ವಿಷಯ ಅಲ್ಲ. ಇಡೀ ಶೆಡ್ಡಿನ ಮರ್ಯಾದೆ. ಗಾಡಿಗಳೇ ಹೋಗ್ತಿವೆ. ಇನ್ನು ಯಾರಿಗೆ ಏನು ಉಪಯೋಗ?”

ಗಾಡಿಗಳು ಹೋಗುತ್ತಿರುವುದು ನಿಜ. ಇನ್ನೊಂದು ವಾರಕ್ಕೆ ಈ ರೂಢಿಯೂ ಇರುವುದಿಲ್ಲ. ಹೊಸ ಗಾಡಿಯ ವಾಲ್ವ್ ಕೆಟ್ಟರೆ ಕಂಪ್ಯೂಟರೇ ಹೇಳುತ್ತದೆ, ಪೆಟ್ಟಿಗೆಯಲ್ಲಿ ಹೊಸದು ಬರುತ್ತದೆ. ಸುಮ್ಮನಿದ್ದರೆ ಎಲ್ಲವೂ ತನ್ನಷ್ಟಕ್ಕೆ ಮುಗಿದುಹೋಗುತ್ತಿತ್ತು, ತಮ್ಮನೊಬ್ಬನನ್ನು ಬಿಟ್ಟು.

ಹೊರಗೆ ಗ್ರೀಸಪ್ಪ ಕಾಯುತ್ತಿದ್ದ. ಶೆಡ್ಡಿನಲ್ಲಿ ಮಾತು ಹಬ್ಬಲು ಹತ್ತು ನಿಮಿಷ ಸಾಕು. ಅವನು ಈ ಸಲ ತಮಾಷೆ ಮಾಡಲಿಲ್ಲ.

“ಬರಿಯೋದಾದ್ರೆ ನನ್ನ ಹೆಸರೂ ಬರೀರಿ ಅಕ್ಕೋರೆ. ನೀವು ತಂತಿ ತಿರುಚುವಾಗ ಬಿಲ್ಲೆ ಹಿಡ್ಕೊಳ್ಳೋನು ನಾನೇ ಅಲ್ವಾ.”

ಬರೆಯುವ ಮೊದಲು ತಮ್ಮನಿಗೆ ಹೇಳಬೇಕೆಂದು ಶನಿವಾರ ಬೆಳಿಗ್ಗೆ ಅವಳು ದೊಡ್ಡ ನಿಲ್ದಾಣಕ್ಕೆ ಹೋದಳು. ಕೌಂಟರ್ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರಲ್ಲಿ ಛತ್ರಿ, ಊಟದ ಡಬ್ಬಿ, ಶಾಲೆಯ ಚೀಲ, ಒಂಟಿ ಚಪ್ಪಲಿ, ಒಂದು ಪಿಟೀಲು. ಪ್ರತಿಯೊಂದಕ್ಕೂ ಚೀಟಿ. ಸಿಕ್ಕ ಗಾಡಿ, ಬೋಗಿ, ಸೀಟು, ಸಮಯ, ಎಲ್ಲವೂ ತಮ್ಮನ ಕೈಬರಹದಲ್ಲಿ. ಒಂದು ಚೀಟಿಯಲ್ಲೂ ಚಿತ್ತು ಇರಲಿಲ್ಲ.

ಅವಳು ನಿಂತುಕೊಂಡೇ ಹೇಳಿದಳು. ಸಂಖ್ಯೆ, ತಾರೀಖು, ತಂತಿ. ತಮ್ಮ ಛತ್ರಿಯೊಂದಕ್ಕೆ ಚೀಟಿ ಕಟ್ಟುತ್ತಿದ್ದ. ಅವಳು ಮುಗಿಸುವವರೆಗೂ ದಾರದ ಗಂಟು ಅವನ ಬೆರಳಲ್ಲೇ ಇತ್ತು.

“ಮೂರನೇ ಕಂಬದ ಹತ್ರ ಹಾಕ್ದೆ ಅಂತ ನನ್ನ ಕೈಗೆ ಗೊತ್ತಿತ್ತು. ನೀನು ಸರಿ ಇತ್ತು ಅಂದೆ. ನನ್ನ ಕೈಯನ್ನ ಬಿಟ್ಟು ನಿನ್ನ ಮಾತು ನಂಬಿದೆ.”

“ನಾನು ಬಿಲ್ಲೆ ನಂಬಿದೆ ಕಣೋ.”

“ನೀನು? ಬಿಲ್ಲೆನ?”

ಅಷ್ಟರಲ್ಲಿ ಒಬ್ಬ ಮುದುಕರು ಕನ್ನಡಕ ಕೇಳಿಕೊಂಡು ಬಂದರು. ಯಾವ ಗಾಡಿ, ಎಷ್ಟು ಗಂಟೆ, ಕನ್ನಡಕದ ಕಡ್ಡಿ ಯಾವ ಬಣ್ಣ ಎಂದು ತಮ್ಮ ಒಂದೊಂದಾಗಿ ಕೇಳಿದ. ಮೂರು ಕನ್ನಡಕ ತೋರಿಸಿದ. ಮುದುಕರು ಎರಡನೆಯದನ್ನು ಹಾಕಿಕೊಂಡು ನೋಡಿ, ಇದೇ ಎಂದರು. ಸಹಿ ಹಾಕಿಸಿಕೊಂಡು ಅವರನ್ನು ಕಳಿಸಿದ ಮೇಲೂ ಅವನು ಅಕ್ಕನ ಕಡೆ ತಿರುಗಲಿಲ್ಲ.

“ಬರಿ. ನಾನು ಹೇಳ್ದೆ ಅಂತ ಬರೀಬೇಡ. ನಿನಗೆ ಬರೀಬೇಕು ಅನ್ಸಿದ್ರೆ ಬರಿ.”

ಅವಳು ಶೆಡ್ಡಿಗೆ ವಾಪಸು ಬಂದು ಎರಡು ಪುಟ ಬರೆದಳು. ಜೇಬಿನಲ್ಲಿದ್ದ ಹಾಳೆಯನ್ನು ಬಿಡಿಸಿ, ಹನ್ನೊಂದನೇ ಸಾಲಿನ ಮುಂದೆ ‘ಒಂದು ಭಾಗ ಉಳಿದಿದೆ, ಹೇಳಿಕೆ ನೋಡಿ’ ಎಂದು ಬರೆದು ಸಹಿ ಹಾಕಿದಳು. ಹೇಳಿಕೆಯಲ್ಲಿ ರೂಢಿ ಏನು, ಎಷ್ಟು ವರ್ಷದಿಂದ ಇದೆ, ಈ ವಾಲ್ವನ್ನು ಕಟ್ಟಿದವರು ಯಾರು ಎಂದಿತ್ತು. ತಾನು ಎಂದು ಬರೆದಿದ್ದಳು. ಗ್ರೀಸಪ್ಪ ಎರಡು ಸಲ ನೆನಪಿಸಿದರೂ ಅವನ ಹೆಸರು ಸೇರಿಸಲಿಲ್ಲ. ಬಿಲ್ಲೆ ಹಿಡಿದವರ ಹೆಸರಿಗೆ ಸಾಕ್ಷ್ಯವಿಲ್ಲ, ತಂತಿ ಕಟ್ಟಿದ ಕೈಗೆ ಇದೆ ಎಂದಳು. ಫೋರ್‌ಮನ್ ಓದಿದರು, ಆಮೇಲೆ ಮೇಲಿನ ಕಚೇರಿಗೆ ಕಳಿಸುವ ಠಸ್ಸೆ ಒತ್ತಿದರು.

ಸೋಮವಾರ ಕತ್ತರಿಸುವವರು ಬಂದರು. ನಾನೂರ ಹದಿನೇಳನ್ನು ಬಿಟ್ಟು ಪಕ್ಕದ ಬೋಗಿಗೆ ಕೈಹಾಕಿದರು. ಗ್ಯಾಸಿನ ಉರಿ ತಗಡನ್ನು ಸೀಳುವ ಸದ್ದಿನ ನಡುವೆಯೇ ಇಬ್ಬರು ಅಧಿಕಾರಿಗಳು ಮುದ್ರೆ ಒಡೆಸಿ ವಾಲ್ವನ್ನು ಇಳಿಸಿಕೊಂಡರು. ಪ್ರಯೋಗಾಲಯದಲ್ಲಿ ಅದನ್ನು ಅಪಘಾತದ ಬೆಳಗಿನಷ್ಟೇ ತಣ್ಣಗೆ ಮಾಡಿ ಗಾಳಿ ಬಿಟ್ಟರು. ಹತ್ತು ಸಲದಲ್ಲಿ ಆರು ಸಲ ಅದು ನಾಲ್ಕರಿಂದ ಐದು ಸೆಕೆಂಡ್ ತಡಮಾಡಿತು. ಬಿಚ್ಚಿದಾಗ ಒಳಗಿನ ರಬ್ಬರ್ ಒಣಗಿದ ಕಿತ್ತಳೆ ಸಿಪ್ಪೆಯ ಹಾಗೆ ಮುರಿಯಿತು.

ಕೊನೆಯ ಹಳೆಯ ಗಾಡಿ ಓಡಿದ್ದು ಅದೇ ವಾರದ ಗುರುವಾರ. ನಿಲ್ದಾಣಗಳಲ್ಲಿ ಜನ ಕಿಕ್ಕಿರಿದಿದ್ದರು, ಶೆಡ್ಡಿನವರೆಲ್ಲ ಒಗೆದ ಸಮವಸ್ತ್ರ ತೊಟ್ಟು ಹಳಿಯ ಪಕ್ಕ ಸಾಲಾಗಿ ನಿಂತಿದ್ದರು. ಅಕ್ಕ ಆ ಹೊತ್ತಿಗೆ ವಿಚಾರಣೆಯ ಕೋಣೆಯಲ್ಲಿ ಕೂತಿದ್ದಳು. ಈ ರೀತಿ ಎಷ್ಟು ವಾಲ್ವ್‌ಗಳನ್ನು ಬದಲಿಸಿದ್ದೀರಿ ಎಂದು ಕೇಳಿದರು. ನೂರಕ್ಕಿಂತ ಹೆಚ್ಚು, ಸರಿಯಾದ ಸಂಖ್ಯೆ ಹೇಳಲಾರೆ ಎಂದಳು. ಬ್ರೇಕ್ ಸರಿಯಿತ್ತೆಂದು ಚಾಲಕನಿಗೆ ಹೇಳಿದವರು ಯಾರು ಎಂದು ಕೇಳಿದರು. ನಾನು ಎಂದಳು. ಆಗ ಕಿಟಕಿಯಾಚೆ ಗಾಡಿ ಹಾದುಹೋಯಿತು. ಚಾಲಕ ಉದ್ದಕ್ಕೂ ಹಾರ್ನ್ ಒತ್ತಿ ಹಿಡಿದಿದ್ದ. ಬರೆದುಕೊಳ್ಳುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟು ಸದ್ದು ಪೂರ್ತಿ ಅಡಗುವವರೆಗೆ ಕಾದರು. ಮೋಟಾರಿನ ಸ್ವರ ಏರುತ್ತ ಹೋಗಿ ಕೇಳದಾಯಿತು. ಅವರು ಮುಂದಿನ ಪ್ರಶ್ನೆ ಕೇಳಿದರು.

ಆದೇಶ ಏಳು ವಾರಕ್ಕೆ ಬಂತು. ಚಾಲಕನ ಮೇಲಿನ ಹಿಂದಿನ ತೀರ್ಮಾನ ರದ್ದಾಗಿದೆ, ತರಬೇತಿಯ ನಂತರ ಅವನು ಮತ್ತೆ ಗಾಡಿ ನಡೆಸಬಹುದು. ಫಿಟ್ಟರನ್ನು ಬ್ರೇಕ್ ಕೆಲಸದಿಂದ ಶಾಶ್ವತವಾಗಿ ತೆಗೆದು ಒಂದು ದರ್ಜೆ ಕೆಳಗೆ ಉಗ್ರಾಣಕ್ಕೆ ಹಾಕಲಾಗಿದೆ. ಫೋರ್‌ಮನ್‌ಗೆ ಲಿಖಿತ ಎಚ್ಚರಿಕೆ. ಅವಳು ತನ್ನ ಸ್ಪ್ಯಾನರ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಗ್ರೀಸಪ್ಪನಿಗೆ ಒಪ್ಪಿಸಿದಳು. ಅವನು ತೆಗೆದುಕೊಂಡು, ಎಡಗೈಯವರ ಸ್ಪ್ಯಾನರ್ ನನ್ನ ಮಾತು ಕೇಳುತ್ತೋ ಇಲ್ಲವೋ ಎಂದ. ಇಬ್ಬರೂ ನಗಲಿಲ್ಲ.

ತಮ್ಮ ಆ ಸಂಜೆ ಆದೇಶದ ಪ್ರತಿ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಕೌಂಟರ್‌ನಲ್ಲಿ ಮಾತಾಡಿದ ಮೇಲೆ ಅವರು ಮುಖಾಮುಖಿಯಾದದ್ದು ಅದೇ ಮೊದಲು. ಹೊಸ ಗಾಡಿಯ ತರಬೇತಿಗೆ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ ಎಂದ. ಆಮೇಲೆ ಎರಡನೇ ಪುಟದ ಕೆಳಗಿನ ಸಾಲುಗಳನ್ನು ಬೆರಳಿಟ್ಟು ತೋರಿಸಿದ. ಪ್ರತಿಗಳನ್ನು ಯಾರಿಗೆಲ್ಲ ಕಳಿಸಲಾಗಿದೆ ಎಂಬ ಪಟ್ಟಿ ಅದು. ಐದು ಕಚೇರಿಗಳ ಹೆಸರಿತ್ತು.

“ಆ ಹೆಂಗಸಿನ ಮನೆಯೋರಿಗೆ ಇದು ಹೋಗಿಲ್ಲ ಅಕ್ಕ. ಡ್ರೈವರ್ ನಿದ್ದೆ ಹೊಡೀತಿದ್ದ ಅಂತಲೇ ಅವರು ಇವತ್ತಿಗೂ ತಿಳ್ಕೊಂಡಿರ್ತಾರೆ.”

ಎರಡು ಸಲ ಆ ಬೀದಿಯವರೆಗೆ ಹೋಗಿ ವಾಪಸು ಬಂದಿದ್ದೇನೆ ಎಂದೂ ಹೇಳಿದ. ಬಾ ಎಂದು ಅವನು ಕರೆಯಲಿಲ್ಲ. ಯಾವಾಗ ಹೋಗೋಣ ಎಂದು ಅವಳೇ ಕೇಳಿದಳು.

ಭಾನುವಾರ ಹನ್ನೊಂದು ಗಂಟೆಗೆ ಅವರು ಹೋದರು. ಎರಡನೇ ಮಹಡಿ, ಬಾಗಿಲ ಪಕ್ಕ ಎರಡು ಜೊತೆ ಚಪ್ಪಲಿ, ಕಿಟಕಿಯಲ್ಲಿ ಒಣಗಲು ಹಾಕಿದ ಶಾಲೆಯ ಸಮವಸ್ತ್ರ. ಐವತ್ತರ ಆಸುಪಾಸಿನ ಗಂಡಸು ಬಾಗಿಲು ತೆರೆದರು. ಪಾತ್ರೆ ತೊಳೆಯುತ್ತಿದ್ದಿರಬೇಕು, ಮೊಣಕೈವರೆಗೆ ಒದ್ದೆಯಾಗಿತ್ತು. ಏನೋ ಮಾರಲು ಬಂದವರಿರಬೇಕೆಂದು ಇಬ್ಬರನ್ನೂ ನೋಡಿದರು.

ಆ ಗಾಡಿ ಓಡಿಸುತ್ತಿದ್ದವನು ನಾನು ಎಂದು ತಮ್ಮ ಹೇಳಿದ. ಅವರ ಕೈ ಬಾಗಿಲ ಚಿಲಕಕ್ಕೆ ಹೋಯಿತು.

“ಅದರ ಬ್ರೇಕ್ ಕಟ್ಟಿದ್ದು ನಾನು” ಎಂದಳು ಅಕ್ಕ. “ಇವನು ಸರಿಯಾದ ಹೊತ್ತಿಗೇ ಹಾಕಿದ್ದ. ಹಿಡೀಲಿಲ್ಲ. ಹಿಡೀದೆ ಇದ್ದದ್ದು ನನ್ನ ಕೆಲಸದಿಂದ.”

ಚಿಲಕದ ಮೇಲಿನ ಕೈ ಅಲ್ಲೇ ಇತ್ತು. ಮೊಣಕೈಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ಒಂದು ಹುಡುಗಿಯ ದನಿ ಯಾರಪ್ಪ ಎಂದು ಕೇಳಿತು. ಅವರು ತಮ್ಮನನ್ನು ಬಿಟ್ಟು ಅವಳ ಮುಖವನ್ನೇ ನೋಡಿದರು.

“ನಿಧಾನಕ್ಕೆ ಹೇಳಿ” ಎಂದರು. “ನನಗೆ ರೈಲಿನ ವಿಷಯ ಗೊತ್ತಾಗಲ್ಲ.”

ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಅವಳು ಹೊಸ್ತಿಲ ಹೊರಗೆ ನಿಂತು, ವಾಲ್ವ್ 
ಎಂದರೇನು ಎಂಬಲ್ಲಿಂದ ಹೇಳಲು ಶುರುಮಾಡಿದಳು.